ನಾದಿನಿಯ ಕಡೆಯ ಮೋಡೆಮ್

ಪರದೆಯ ಮೇಲೆ ಡಾಕ್ಟರನ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಟ್ಟಿತು. ಹೊಟ್ಟೆಗೆ ಬೆಟ್ಟದ ಜನರ ಕೆಚುವಾ ಭಾಷೆಯಲ್ಲಿ ‘ವಿಕ್ಸಾ’ ಅನ್ನಬೇಕು. ‘ವಿ’ ಬಂದಿತ್ತು, ಉಳಿದದ್ದು ಬರಲಿಲ್ಲ. ಪಕ್ಕದ ಚೌಕದಲ್ಲಿ ಒಬ್ಬಳು ಕೂದಲು ಹಿಂದಕ್ಕೆ ಸರಿಸಿಕೊಳ್ಳುತ್ತಾ, ಇನ್ನೊಬ್ಬ ಬಿಸ್ಕತ್ತು ಕಚ್ಚುತ್ತಾ ಹಾಗೆಯೇ ಕಲ್ಲಾಗಿ ಕೂತರು. ಆಮೇಲೆ ಎಲ್ಲರೂ ಮಾಯವಾಗಿ, ಕಪ್ಪು ಪರದೆಯ ನಡುವೆ ಸಣ್ಣದೊಂದು ಚಕ್ರ ತಿರುಗತೊಡಗಿತು.

“ಕೇಳಿಸ್ತಿದೆಯಾ ಡಾಕ್ಟ್ರೇ?” ಎಂದಳು ಎಡೆಲ್ಮಿರಾ. ಯಾರಿಗೂ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎದ್ದು ಕಿಟಕಿಯ ಹತ್ತಿರ ಹೋದಳು.

ಅಂಗಳದ ಆಚೆ, ಮನೆಯ ಮುಂಭಾಗದಲ್ಲಿ, ನಾದಿನಿ, ಅಂದರೆ ಗಂಡನ ಅಕ್ಕ, ಗ್ರಿಮಾನೆಸಾಳ ಕೋಣೆ. ಅದರ ಕಿಟಕಿಗೆ ಕಸೂತಿಯ ಪರದೆ. ಆ ಪರದೆಯ ಹಿಂದೆ, ಕಿಟಕಿಕಟ್ಟೆಯ ಮೇಲೆ, ಇಂಟರ್ನೆಟ್ಟಿನ ಮೋಡೆಮ್ ಇರುತ್ತಿತ್ತು. ಎರಡು ಸಂಸಾರಕ್ಕೂ ಅದೊಂದೇ. ಅದರ ಹಸಿರು ದೀಪಗಳು ಹತ್ತಿವೆಯೋ ಆರಿವೆಯೋ ಎಂದು ಇಲ್ಲಿಂದಲೇ ನೋಡಬಹುದಿತ್ತು. ಕಳೆದ ವಾರದಿಂದ ಅದು ಅಲ್ಲಿಲ್ಲ. ಅದರ ಜಾಗದಲ್ಲಿ ಜೆರೇನಿಯಂ ಹೂವಿನ ಕುಂಡ ಬಂದು ಕೂತಿತ್ತು. ಹೂವಿಗೆ ಬಿಸಿಲು ಬೇಕೆಂದು ಇಟ್ಟ ಕುಂಡ ಅದಲ್ಲ ಎನ್ನುವುದರಲ್ಲಿ ಎಡೆಲ್ಮಿರಾಳಿಗೆ ಅನುಮಾನವಿರಲಿಲ್ಲ.

ಬೆಟ್ಟದ ಮೇಲಿನ ಆಸ್ಪತ್ರೆಗಳಿಗೆ ಹೋಗಬೇಕಾದ ಎಳೆಯ ಡಾಕ್ಟರುಗಳಿಗೆ ಕೆಚುವಾ ಕಲಿಸುವ ಕೆಲಸ ಅವಳಿಗೆ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಬೆಟ್ಟದ ಮೇಲಿನ ಕಬಾನಾಕೋಂದೆ ಹಳ್ಳಿಯವಳು. ಆರೆಕಿಪಾ ಪಟ್ಟಣಕ್ಕೆ ಮದುವೆಯಾಗಿ ಬಂದ ಮೇಲೆ ಆ ಭಾಷೆಯನ್ನು ಸಂತೆಯಲ್ಲಿ ಆಲೂಗೆಡ್ಡೆ ಮಾರುವ ಹೆಂಗಸರ ಜೊತೆ ಬಿಟ್ಟರೆ ಬೇರೆಲ್ಲೂ ಬಾಯಿಗೆ ತಂದವಳಲ್ಲ. ಈಗ ಅದೇ ಭಾಷೆಗಾಗಿ ಓದಿದ ಜನ ಸಂಜೆ ಐದಕ್ಕೆ ಸರಿಯಾಗಿ ಬಂದು ಕೂರುತ್ತಿದ್ದರು. ಅವಳು ‘ಹೂಂ, ಸರಿ’ ಎಂದರೆ ಅವರ ಮುಖ ಅರಳುತ್ತಿತ್ತು. ಟೀಚರ್ ಎಂದು ಕರೆಯುತ್ತಿದ್ದರು. ಮೊದಮೊದಲು ಆ ಕರೆಗೆ ಓಗೊಡುವಾಗ ಹಿಂದೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುವಂತಾಗುತ್ತಿತ್ತು.

ಫೋನು ಬಡಿದುಕೊಂಡಿತು. ಪಾಠ ನಡೆಸುವ ಸಂಸ್ಥೆಯ ಮೇಲ್ವಿಚಾರಕಿ.

“ಮತ್ತೆ ಹೋಯ್ತಲ್ಲ ಎಡೆಲ್ಮಿರಾ ಅವರೇ.”

“ಲೈನಿನ ತೊಂದರೆ ಮೇಡಂ. ಸರಿ ಮಾಡಿಸ್ತೀನಿ.”

“ನಿಮ್ಮ ಪಾಠ ಎಲ್ಲರಿಗೂ ಇಷ್ಟ, ಅದು ಬೇರೆ ಮಾತು. ಆದ್ರೆ ಅರ್ಧಕ್ಕೆ ನಿಲ್ಲೋ ಪಾಠನ ಎಷ್ಟು ದಿನ ಅಂತ ಇಟ್ಕೊಳ್ಲಿ? ಈ ತಿಂಗಳು ನೋಡ್ತೀನಿ. ಆಮೇಲೆ ನನ್ನ ಕೈಲಿಲ್ಲ.”

ಲೈನಿನ ತೊಂದರೆಯಾಗಿದ್ದರೆ ಬೆಳಿಗ್ಗೆಯೂ ಇರಬೇಕಿತ್ತು. ಬೆಳಿಗ್ಗೆ ಅವಳ ಗಂಡ ಉಬಾಲ್ಡೊ ಫುಟ್‌ಬಾಲ್ ಸುದ್ದಿ ನೋಡುವಾಗ ಏನೂ ಆಗುತ್ತಿರಲಿಲ್ಲ. ಮಂಗಳವಾರ ಗ್ರಿಮಾನೆಸಾ ಸಂಜೆಯ ಪ್ರಾರ್ಥನೆಗೆ ಇಗರ್ಜಿಗೆ ಹೋಗುತ್ತಿದ್ದಳು. ಅವತ್ತು ಪಾಠ ಎಣ್ಣೆ ಸುರಿದಂತೆ ಸಾಗುತ್ತಿತ್ತು. ಉಳಿದ ದಿನ ಡಾಕ್ಟರುಗಳು ಒಟ್ಟಾಗಿ ಬಾಯಿಪಾಠ ಹೇಳಲು ಶುರುಮಾಡಿದರೆ ಸಾಕು, ಯಾರೋ ಹೊಂಚು ಹಾಕಿ ಕಾಯುತ್ತಿದ್ದಂತೆ, ಚಕ್ ಎಂದು ಹೋಗುತ್ತಿತ್ತು.

ಅತ್ತೆ ಲಿಯೊನೋರ್ ಬದುಕಿದ್ದಾಗ ಒಂದು ಮಾತು ಹೇಳಿದ್ದರು. ಎಡೆಲ್ಮಿರಾ ಆಗ ಹೊಸ ಸೊಸೆ. ಅಂಗಳದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾ ತನ್ನ ಪಾಡಿಗೆ ಊರಿನ ಹಾಡೊಂದನ್ನು ಗುನುಗುತ್ತಿದ್ದಳು. ಅತ್ತೆ ಮೆಟ್ಟಿಲ ಮೇಲೆ ನಿಂತು, “ಈ ಮನೆಯಲ್ಲಿ ಅದು ಬೇಡ” ಎಂದರು. ಅಷ್ಟೇ. ಕೂಗಾಡಲಿಲ್ಲ. ‘ಅದು’ ಎಂದರೇನು ಎಂದು ಎಡೆಲ್ಮಿರಾ ಕೇಳಬೇಕಾಗಿರಲಿಲ್ಲ. ಆ ಅತ್ತೆ ಹಾಸಿಗೆ ಹಿಡಿದಾಗ ಗ್ರಿಮಾನೆಸಾ ಕೋಣೆಯ ಬಾಗಿಲು ಹಾಕಿಕೊಂಡಳು. ಸೊಸೆ ಸೂಪು ಮಾಡಿ ತಂದರೆ ಬಾಗಿಲು ಒಂದು ಬಟ್ಟಲು ಹಿಡಿಸುವಷ್ಟೇ ತೆರೆದು, ಬಟ್ಟಲನ್ನು ಒಳಗೆಳೆದುಕೊಂಡು, ಮತ್ತೆ ಮುಚ್ಚುತ್ತಿತ್ತು. ಕೊನೆಗೂ ಅತ್ತೆಯ ಮುಖವನ್ನು ಎಡೆಲ್ಮಿರಾ ನೋಡಿದ್ದು ಶವಪೆಟ್ಟಿಗೆಯಲ್ಲೇ. ಬೆಟ್ಟದ ಹೆಂಗಸು ಹತ್ತಿರ ಸುಳಿಯಬಾರದೆಂದು ತಾಯಿ ಮಗಳು ಮಾತಾಡಿಕೊಂಡೇ ಹೀಗೆ ಮಾಡಿದರು ಎಂದು ಅವಳು ನಂಬಿದ್ದಳು. ಅಂದಿನಿಂದ ನಾದಿನಿ ಅತ್ತಿಗೆಯರ ನಡುವೆ ಉಳಿದ ಮಾತೆಂದರೆ ಗ್ಯಾಸು, ಕಸ, ಬೀದಿ ಬಾಗಿಲಿನ ಚಿಲಕ.

ರಾತ್ರಿ ಊಟಕ್ಕೆ ಕೂತಾಗ ಉಬಾಲ್ಡೊನಿಗೆ ಹೇಳಿದಳು. “ನಿಮ್ಮ ಅಕ್ಕ ಮೋಡೆಮ್ ಆರಿಸ್ತಿದಾಳೆ.”

ಉಬಾಲ್ಡೊ ಟ್ಯಾಕ್ಸಿ ಓಡಿಸುವವನು. ದಿನವಿಡೀ ಸವಾರಿಗಳ ಜೊತೆ ಮಾತಾಡಿ ಸುಸ್ತಾದವನಂತೆ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. “ನೋಡಿದ್ಯಾ?” ಎಂದ.

“ನೋಡ್ಬಾರ್ದು ಅಂತಲೇ ಕಿಟಕಿಯಿಂದ ತೆಗೆದಿದಾಳೆ.”

“ಹಳೇ ಮೋಡೆಮ್ಮು. ಅದೇ ಸಾಯ್ತಿರ್ಬೇಕು.”

“ಐದು ಗಂಟೆಗೆ ಸತ್ತು ಏಳು ಗಂಟೆಗೆ ಎದ್ದು ಕೂರುತ್ತಾ?”

ಉಬಾಲ್ಡೊ ಹುರಿದ ಜೋಳದ ಕಾಳನ್ನು ಬಾಯಿಗೆ ಎಸೆದುಕೊಂಡು ಜಗಿದ. “ಬೇರೆ ಮೋಡೆಮ್ ತಗೊ. ನಿಂದು ನಿಂಗೆ, ಅವಳ್ದು ಅವಳಿಗೆ. ಜಗಳ ಮುಗೀತು.”

ಇವನು ಇಷ್ಟು ಬೇಗ ಹಾದಿ ತೋರಿಸಿದ್ದು ಅವಳಿಗೆ ಹಿಡಿಸಲಿಲ್ಲ. ಅಕ್ಕ ತಮ್ಮ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆಯೇ ಎಂದು ಗಂಡನ ಮುಖ ನೋಡಿದಳು. ಅವನು ಜಗಿಯುತ್ತಲೇ ಇದ್ದ.

ಮರುದಿನ ಸಾನ್ ಕಮಿಲೊ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದ್ದ ವಿಲ್ಬರನ ಅಂಗಡಿಗೆ ಹೋದಳು. ಫೋನು, ಚಾರ್ಜರು, ವೈರು, ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗಿನ ಭಾಗಗಳು, ಎಲ್ಲವನ್ನೂ ಸೊಪ್ಪಿನಂತೆ ಗುಡ್ಡೆ ಹಾಕಿಕೊಂಡು ಕೂತಿರುವ ದಪ್ಪ ಆಸಾಮಿ ವಿಲ್ಬರ್. ಎಲ್ಲರನ್ನೂ ಅವನು ಕರೆಯುವುದು ಒಂದೇ ತರ.

“ಬನ್ನಿ ರಾಣಿ, ಏನು ಬೇಕು?”

“ಮನೆಗೆ ಮೋಡೆಮ್ ಬೇಕೋ ರೌಟರ್ ಬೇಕೋ ಗೊತ್ತಾಗ್ತಿಲ್ಲ.”

“ಎರಡಕ್ಕೂ ಏನು ವ್ಯತ್ಯಾಸ ಅಂತ ಗೊತ್ತಾ?”

“ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?”

ವಿಲ್ಬರ್ ನಕ್ಕ. “ಮೋಡೆಮ್ ಅಂದ್ರೆ ಬೀದಿ ಬಾಗಿಲಲ್ಲಿ ಕೂರೋನು. ಕಂಪನಿಯ ತಂತಿಯಲ್ಲಿ ಬಂದಿದ್ದನ್ನ ಒಳಗೆ ಬಿಟ್ಕೊಳ್ಳೋದು ಅವನ ಕೆಲ್ಸ. ರೌಟರ್ ಅಂದ್ರೆ ಒಳಗೆ ಬಡಿಸೋನು. ಈ ಕೋಣೆಗೆ ಇಷ್ಟು, ಆ ಕೋಣೆಗೆ ಇಷ್ಟು. ಈಗ ನಿಮ್ಮನೇಲಿ ಇರೋ ಪೆಟ್ಟಿಗೆ ಎರಡೂ ಕೆಲ್ಸ ಮಾಡುತ್ತೆ, ಆದ್ರೆ ಬಡಿಸೋಕೆ ಅದರ ಕೈ ಉದ್ದ ಇಲ್ಲ. ನಿಮ್ದು ಹಳೇ ಮನೆ ತಾನೆ? ಬಿಳಿ ಕಲ್ಲಿನ ಗೋಡೆ?”

“ಹೂಂ. ಎರಡು ಮೊಳ ದಪ್ಪ.”

“ಅದೇ ಮತ್ತೆ. ಆ ಕಲ್ಲು ಭೂಕಂಪನೇ ತಡ್ಕೊಳ್ಳುತ್ತೆ, ಇದನ್ನ ತಡೆಯಲ್ವಾ? ಮೋಡೆಮ್ಮಿಂದ ಒಂದು ವೈರು ಎಳೆದು ನಿಮ್ಮ ಕಡೆ ರೌಟರ್ ಇಟ್ಕೊಳ್ಳಿ. ಮುಗೀತು.” ಅವನು ಆಗಲೇ ಒಂದು ಪೆಟ್ಟಿಗೆಯನ್ನು ಕೆಳಗಿಳಿಸಿದ್ದ.

ಎಡೆಲ್ಮಿರಾ ಪೆಟ್ಟಿಗೆ ಮುಟ್ಟಲಿಲ್ಲ. “ಆ ಕಡೆ ಮೋಡೆಮ್ ಆರಿಸಿದ್ರೆ?”

“ಆರಿಸಿದ್ರೆ ರೌಟರ್ರೂ ಉಪವಾಸ. ಬಾಗಿಲೇ ಮುಚ್ಚಿದ ಮೇಲೆ ಬಡಿಸೋನು ಏನು ಬಡಿಸ್ತಾನೆ?” ವಿಲ್ಬರ್ ಅವಳ ಮುಖವನ್ನು ಓರೆಯಾಗಿ ನೋಡಿದ. “ಆ ಕಡೆ ಯಾರಿದಾರೆ?”

“ನಮ್ಮ ನಾದಿನಿ.”

ಅವನು ಪೆಟ್ಟಿಗೆಯನ್ನು ಎತ್ತಿ ಮತ್ತೆ ಮೇಲಿಟ್ಟ. “ಹಂಗಾದ್ರೆ ರೌಟರ್ ಬೇಡ. ಕಂಪನಿಗೆ ಫೋನ್ ಮಾಡಿ, ನಿಮ್ಮದೇ ಬೇರೆ ಲೈನು, ಬೇರೆ ಮೋಡೆಮ್ ಹಾಕಿಸ್ಕೊಳ್ಳಿ. ನಮ್ಮಕ್ಕಂಗೂ ಒಬ್ಬಳು ನಾದಿನಿ ಇದಾಳೆ.”

ಸರಕು ಮಾರಲು ಕೂತವನು ಸರಕು ಬೇಡ ಎಂದರೆ ಏನರ್ಥ? ಕಂಪನಿಯವರ ಜೊತೆ ಇವನದೇನೋ ಒಳಒಪ್ಪಂದ ಇರಬೇಕು ಎಂದುಕೊಳ್ಳುತ್ತಾ ಅವಳು ಬಸ್ಸು ಹತ್ತಿದಳು. ಆದರೂ ಮನೆಗೆ ಬಂದು ಕಂಪನಿಗೆ ಫೋನು ಮಾಡಿದಳು. ಜೇನಿನಂಥ ದನಿಯ ಹುಡುಗಿಯೊಬ್ಬಳು ಹೊಸ ಮೋಡೆಮ್ ಬಗ್ಗೆ ಬಹಳ ಹೊಗಳಿ, ಕೊನೆಗೆ ಒಂದು ಕೊಕ್ಕೆ ಹಾಕಿದಳು. ಮನೆ ಹಳೆಯ ಪೇಟೆಯಲ್ಲಿರುವುದರಿಂದ ಮುಂಗೋಡೆಗೆ ಹೊಸ ತಂತಿ ಹೊಡೆಯಲು ಮುಂಭಾಗದಲ್ಲಿ ಇರುವವರ ಒಪ್ಪಿಗೆ ಬೇಕು. ಕೆಲಸದವನು ಬಂದಾಗ ಅವರೇ ಬಾಗಿಲಿಗೆ ಬಂದು ಆಗಲಿ ಎಂದರೆ ಸಾಕು.

ಅಂದರೆ ಗ್ರಿಮಾನೆಸಾ.

ಶನಿವಾರ ಮಧ್ಯಾಹ್ನ ಎಡೆಲ್ಮಿರಾ ತಲೆ ಬಾಚಿಕೊಂಡು, ಅಂಗಳ ದಾಟಿ ಹೋಗಿ ನಾದಿನಿಯ ಬಾಗಿಲು ತಟ್ಟಿದಳು. ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಅವಳು ಬೇಡ ಎಂದರೆ ಇದು, ಗೋಡೆ ಹಾಳಾಗುತ್ತದೆ ಎಂದರೆ ಅದು, ಉಬಾಲ್ಡೊನನ್ನು ಕಳಿಸು ಎಂದರೆ ಮತ್ತೊಂದು.

ಬಾಗಿಲು ಸರಪಳಿಯಷ್ಟು ತೆರೆಯಿತು. ಗ್ರಿಮಾನೆಸಾ ನೋಟರಿ ಕಚೇರಿಯೊಂದರಲ್ಲಿ ಟೈಪು ಮಾಡಿ ನಿವೃತ್ತಳಾದವಳು. ಮನೆಯಲ್ಲಿದ್ದರೂ ಕಚೇರಿಗೆ ಹೊರಟವಳಂತೆ ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡಿರುತ್ತಿದ್ದಳು.

“ಏನು?”

“ಒಂದು ಮಾತಿತ್ತು ಅಕ್ಕ. ನಮ್ಮ ಕಡೆಗೆ ಬೇರೆ ಮೋಡೆಮ್ ಹಾಕಿಸ್ಬೇಕು ಅಂತಿದೀವಿ. ಕಂಪನಿಯವ್ರು ಬಂದಾಗ ನೀವು ಆಗ್ಲಿ ಅನ್ಬೇಕಂತೆ.”

“ಅಂತೀನಿ. ಯಾವತ್ತು ಬರ್ತಾರೆ?”

ಎಡೆಲ್ಮಿರಾ ಜೋಡಿಸಿಕೊಂಡಿದ್ದ ಮಾತೊಂದೂ ಬೇಕಾಗಲಿಲ್ಲ. ಇಷ್ಟು ಸಲೀಸಾಗಿ ಇವಳು ಯಾವತ್ತಾದರೂ ಏನನ್ನಾದರೂ ಒಪ್ಪಿದ್ದುಂಟೇ? ತಮ್ಮನ ಮದುವೆಗೇ ಒಪ್ಪಿರಲಿಲ್ಲ. ಇದರಲ್ಲಿ ಏನೋ ಇದೆ ಎಂದುಕೊಂಡಳು. ಲೈನು ಬೇರೆಯಾಯಿತು, ಇನ್ನು ಕರೆಂಟು ಬೇರೆ, ಆಮೇಲೆ ಅಂಗಳಕ್ಕೆ ನಡುಗೋಡೆ, ಆಮೇಲೆ ಹಿಂಭಾಗದವರು ಹಿಂದಿನ ಓಣಿಯಿಂದಲೇ ಓಡಾಡಿಕೊಳ್ಳಲಿ ಎನ್ನುವ ತನಕ.

“ಯಾಕೆ ಒಪ್ಕೊಂಡ್ರಿ?” ಎಂದು ಕೇಳಿಯೇಬಿಟ್ಟಳು.

“ಬೇಡ ಅಂದ್ರೂ ಕಷ್ಟ, ಹೂಂ ಅಂದ್ರೂ ಕಷ್ಟ. ನಿಂಗೇನು ಬೇಕು?”

“ದಿನಾ ಸಂಜೆ ನೀವು ಅದನ್ನ ಆರಿಸ್ತೀರಿ. ಅದು ನಂಗೊತ್ತು.”

ಇಲ್ಲ ಎನ್ನುತ್ತಾಳೆ, ಕೂಗಾಡುತ್ತಾಳೆ, ಮುಖಕ್ಕೆ ಬಾಗಿಲು ಹಾಕುತ್ತಾಳೆ ಎಂದು ಎಡೆಲ್ಮಿರಾ ಕಾದಳು. ಗ್ರಿಮಾನೆಸಾ ಕಣ್ಣು ಕೂಡ ಮಿಟುಕಿಸಲಿಲ್ಲ.

“ಹೌದು. ಆರಿಸ್ತೀನಿ.”

“ನನ್ನ ಕೆಲ್ಸ ಹೋಗುತ್ತೆ ಅಂತ ಗೊತ್ತಿದ್ದೂ?”

“ಅಂಗಳದಲ್ಲಿ ನಿಂತು ದನಿ ಏರಿಸ್ಬೇಡ. ಒಳಗೆ ಬಾ.” ಸರಪಳಿ ಕಳಚಿತು.

ಅತ್ತೆಯ ಹೆಣ ಎತ್ತಿದ ದಿನದಿಂದ ಆ ಕೋಣೆಯೊಳಗೆ ಎಡೆಲ್ಮಿರಾ ಕಾಲಿಟ್ಟಿರಲಿಲ್ಲ. ಮಂಚ ಇದ್ದಲ್ಲೇ ಇತ್ತು. ಹಾಸಿಗೆ ತೆಗೆದಿದ್ದರು, ಬರಿಯ ಕಬ್ಬಿಣದ ಜಾಲರಿ. ಮಂಚದ ಪಕ್ಕದ ಪುಟ್ಟ ಮೇಜಿನ ಮೇಲೆ, ಔಷಧಿ ಬಾಟಲಿಗಳು ಇರುತ್ತಿದ್ದ ಕಡೆ, ಈಗ ಮೋಡೆಮ್ ಕೂತು ಕಣ್ಣು ಮಿಟುಕಿಸುತ್ತಿತ್ತು. ಗ್ರಿಮಾನೆಸಾ ಕುರ್ಚಿ ತೋರಿಸಿದಳು, ತಾನು ನಿಂತೇ ಇದ್ದಳು.

“ಬೇರೆ ಮೋಡೆಮ್ ಹಾಕಿಸ್ಕೊ. ಅದನ್ನ ತಗೊಂಡು ನಿನ್ನ ಹಿಂದಿನ ಅಡುಗೆಕೋಣೆಗೆ ಹೋಗು. ಬಾಗಿಲು ಹಾಕ್ಕೊಂಡು ಪಾಠ ಮಾಡು. ಇಲ್ಲಿಗೆ ಕೇಳಿಸ್ಬಾರ್ದು, ಅಷ್ಟೇ.”

“ನನ್ನ ಭಾಷೆ ಕಿವಿಗೆ ಬಿದ್ರೆ ನಿಮಗೇನು ಸವೆಯುತ್ತೆ?” ಎಡೆಲ್ಮಿರಾ ಕುರ್ಚಿಯ ಅಂಚಿಗೆ ಕೂತಳು. “ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ನಿಮ್ಮಮ್ಮ ಬೇಡ ಅಂದ್ರು ಅಂತ ಹಾಡೂ ಹೇಳ್ಲಿಲ್ಲ. ಸಾಯೋವಾಗ್ಲೂ ನನ್ನನ್ನ ಹತ್ರ ಬಿಟ್ಕೊಳ್ಲಿಲ್ಲ ಅವರು.”

“ಅವಳು ಬಿಡ್ಲಿಲ್ಲ ಅಂತ ಯಾರು ಹೇಳಿದ್ರು? ನಾನು ಬಿಡ್ಲಿಲ್ಲ.”

“ಒಂದೇ ಅಲ್ವಾ.”

“ಒಂದೇ ಅಲ್ಲ.” ಗ್ರಿಮಾನೆಸಾ ಕಿಟಕಿಯ ಕಡೆ ತಿರುಗಿದಳು. ಜೆರೇನಿಯಂ ಗಿಡದ ಒಣಗಿದ ಎಲೆಯೊಂದನ್ನು ಕಿತ್ತು ಬೆರಳಲ್ಲಿ ಪುಡಿ ಮಾಡಿದಳು. ಬೆನ್ನು ತೋರಿಸಿಕೊಂಡೇ ಹೇಳಿದಳು. “ಅಮ್ಮ ಅದೇ ಭಾಷೆ ಮಾತಾಡ್ತಿದ್ಲು.”

ಎಡೆಲ್ಮಿರಾಳಿಗೆ ತಾನು ತಪ್ಪಾಗಿ ಕೇಳಿಸಿಕೊಂಡೆ ಎನಿಸಿತು.

“ಪಾರ್ಶ್ವವಾಯು ಹೊಡೆದ ಮೇಲೆ ನಮ್ಮ ಸ್ಪ್ಯಾನಿಷ್ ಅವಳಿಗೆ ಮರೆತೇಹೋಯ್ತು. ಒಂದು ಪದ ಬಾರದು. ಬಾಯಿ ತೆಗೆದ್ರೆ ನಿನ್ನ ಭಾಷೆ. ನಾನು ಹುಟ್ಟಿದಾಗಿಂದ ಅವಳ ಬಾಯಲ್ಲಿ ಅದನ್ನ ಕೇಳಿದವಳಲ್ಲ. ನಮ್ಮ ಅಜ್ಜಿ ಮನೆ ಎಲ್ಲಿ ಅಂತ ಕೇಳಿದ್ರೆ ಕಮಾನಾ ಅಂತಿದ್ಲು, ಸಮುದ್ರದ ಕಡೆ. ಒಂದ್ಸಲನೂ ಕರ್ಕೊಂಡು ಹೋಗ್ಲಿಲ್ಲ.” ಗ್ರಿಮಾನೆಸಾ ಬೆರಳಿಗಂಟಿದ ಎಲೆಯ ಪುಡಿಯನ್ನು ಕೊಡವಿದಳು. “ಉಬಾಲ್ಡೊ ನೋಡೋಕೆ ಬಂದ್ರೂ ಅಮ್ಮ ಮಲಗಿದಾಳೆ ಅಂತ ಕಳಿಸ್ಬಿಡ್ತಿದ್ದೆ. ಬೀದಿಯವರಿಗೆ, ಇಗರ್ಜಿಯವರಿಗೆ, ಉಬಾಲ್ಡೊಗೆ, ಯಾರಿಗೂ ಗೊತ್ತಾಗ್ಬಾರ್ದು ಅಂತ ಬಾಗಿಲು ಹಾಕ್ದೆ. ಎಲ್ಲಕ್ಕಿಂತ ನಿಂಗೆ. ಅಮ್ಮ ಬದುಕಿಡೀ ಬಚ್ಚಿಟ್ಕೊಂಡಿದ್ದನ್ನ ನೀನು ಬಂದು ಕೇಳಿಸ್ಕೊಂಡು, ಒಳಗೊಳಗೆ ನಗ್ತೀಯ ಅಂತ.”

ನಗುತ್ತಿದ್ದೆನೇ ಎಂದು ಎಡೆಲ್ಮಿರಾ ತನ್ನನ್ನೇ ಕೇಳಿಕೊಂಡಳು. ನಗುತ್ತಿದ್ದಿರಬಹುದು. ಬಟ್ಟೆ ಒಗೆಯುವ ಕಲ್ಲಿನ ಎದುರು ಮೆಟ್ಟಿಲ ಮೇಲೆ ನಿಂತಿದ್ದ ಆ ಹೆಂಗಸಿಗೆ ತಾನು ಗುನುಗಿದ ಹಾಡಿನ ಒಂದೊಂದು ಮಾತೂ ಅರ್ಥವಾಗಿತ್ತು ಎನ್ನುವುದು ಅವಳಿಗೆ ಈಗ ತಿಳಿಯಿತು.

“ನೀನು ಸಂಜೆ ಅವರಿಗೆ ಬಾಯಿಪಾಠ ಮಾಡಿಸ್ತೀಯಲ್ಲ,” ಗ್ರಿಮಾನೆಸಾ ಮುಂದುವರಿಸಿದಳು. “ಗಂಡಸ್ರು ಹೆಂಗಸ್ರು ಎಲ್ಲ ಸೇರಿ, ಹೇಳಿದ್ದನ್ನೇ ಹೇಳ್ತಾರೆ. ನಂಗೆ ಅಮ್ಮನ ದನಿಯೇ ಈ ಮಂಚದಿಂದ ಕೇಳಿಸಿದ ಹಾಗಾಗುತ್ತೆ. ಬೇರೆ ಏನು ಮಾಡ್ಲಿ? ವೈರು ಕಿತ್ತುಹಾಕ್ತಿದ್ದೆ.”

ಬೀದಿಯಲ್ಲಿ ಐಸ್‌ಕ್ರೀಮಿನವಳು ಕೂಗಿಕೊಂಡು ಹೋದಳು. ಎಡೆಲ್ಮಿರಾ ಏಳಲು ಹೊರಟಾಗ ಗ್ರಿಮಾನೆಸಾ ತಿರುಗಿದಳು. ಅವಳ ಮುಖ ಈಗ ಕಚೇರಿಯ ಮುಖವಾಗಿರಲಿಲ್ಲ.

“ಒಂದು ಕೇಳ್ತೀನಿ. ಕೊನೇ ದಿನಗಳಲ್ಲಿ ಒಂದೇ ಮಾತು ಹೇಳ್ತಿದ್ಲು. ಬೆಳಿಗ್ಗೆ, ಮಧ್ಯಾಹ್ನ, ಯಾವಾಗ್ಲೂ ಅದೇ. ನನ್ನ ಮುಖ ನೋಡ್ಕೊಂಡು ಹೇಳ್ತಿದ್ಲು. ದೇವರನ್ನ ಕರೀತಿದಾಳೆ ಅಂದ್ಕೊಂಡು ನಾನು ಜಪ ಮಾಡ್ತಿದ್ದೆ.” ಅವಳು ತುಟಿಯನ್ನು ಒದ್ದೆ ಮಾಡಿಕೊಂಡು, ಟೈಪು ಮಾಡುವವಳ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. “ಉನುಚಾತಾ ಕೊವಾಯ್. ಹಂಗಂದ್ರೇನು?”

ಡಾಕ್ಟರುಗಳ ಬಾಯಲ್ಲಿ ತಿಂಗಳುಗಟ್ಟಲೆ ತಿದ್ದಿದರೂ ಸರಿಯಾಗದ ಆ ಗಂಟಲಿನ ‘ಕೊ’ ಗ್ರಿಮಾನೆಸಾಳ ಬಾಯಲ್ಲಿ ಸರಿಯಾಗಿಯೇ ಬಂದಿತ್ತು. ಎಡೆಲ್ಮಿರಾಳಿಗೆ ಯೋಚಿಸುವ ಅಗತ್ಯವೇ ಇರಲಿಲ್ಲ. ಕಬಾನಾಕೋಂದೆಯ ಯಾವ ಮಗುವಿಗೂ ಇರುವುದಿಲ್ಲ. ‘ಒಂದಿಷ್ಟು ನೀರು ಕೊಡು’ ಎಂದಷ್ಟೇ ಅದರ ಅರ್ಥ.

ಅವಳು ಮಂಚದ ಜಾಲರಿಯನ್ನು ನೋಡಿದಳು. ತಾನು ಸೂಪಿನ ಬಟ್ಟಲು ಹಿಡಿದು ಬಾಗಿಲ ಆಚೆ ನಿಂತಿದ್ದಾಗ ಒಳಗೆ ಮುದುಕಿ ಇದನ್ನು ಹೇಳುತ್ತಿದ್ದಿರಬೇಕು. ಬಾಗಿಲು ಇನ್ನೊಂದು ಗೇಣು ತೆರೆದಿದ್ದರೆ ಕೇಳಿಸುತ್ತಿತ್ತು. ಈ ನಾದಿನಿಗೆ ತಾಗುವಂಥ ಒಂದು ಮಾತು ಆಡಬೇಕೆಂದು ಅವಳು ವರ್ಷಗಟ್ಟಲೆ ಹುಡುಕಿದ್ದಳು. ಅಡುಗೆ ಮಾಡುವಾಗ, ಬಟ್ಟೆ ಹಿಂಡುವಾಗ ಎಷ್ಟೋ ಮಾತು ಮಸೆದಿಟ್ಟುಕೊಂಡಿದ್ದಳು. ಅವೆಲ್ಲಕ್ಕಿಂತ ಹರಿತವಾದದ್ದು ತಾನಾಗಿಯೇ ಬಂದು ಅವಳ ನಾಲಿಗೆಯ ಮೇಲೆ ಕೂತಿತ್ತು. ಅದು ಸುಳ್ಳೂ ಆಗಿರಲಿಲ್ಲ.

“ನೀವು ಆಗ ಏನು ಕೊಡ್ತಿದ್ರಿ ಅವರಿಗೆ?” ಎಂದು ಕೇಳಿದಳು.

“ಡಾಕ್ಟರ್ ಹೇಳಿದ್ದು. ನುಂಗೋಕಾಗಲ್ಲ, ನೆತ್ತಿಗೇರುತ್ತೆ, ಏನೂ ಕೊಡ್ಬೇಡ ಅಂದಿದ್ರು. ಸೂಪೆಲ್ಲ ನಾನೇ ಕುಡೀತಿದ್ದೆ. ಯಾಕೆ?”

“ಏನಿಲ್ಲ.”

“ಹಂಗಂದ್ರೇನು ಅಂತ ಹೇಳು.”

“ಕೈ ಹಿಡ್ಕೊ ಅಂತ,” ಎಂದಳು ಎಡೆಲ್ಮಿರಾ. “ನನ್ನ ಕೈ ಹಿಡ್ಕೊ ಅಂತಿದ್ರು.”

ಗ್ರಿಮಾನೆಸಾ ಬಹಳ ಹೊತ್ತು ಅವಳನ್ನು ನೋಡಿದಳು. ನೋಟರಿಯ ಮುಂದೆ ಸಾಕ್ಷಿ ಹೇಳಲು ಬಂದ ಎಷ್ಟು ಜನರನ್ನು ಆ ಕಣ್ಣು ಹೀಗೆ ನೋಡಿತ್ತೋ.

“ನಿಜ ಹೇಳ್ತಿದೀಯಾ?”

“ನಿಮಗ್ಯಾಕೆ ಸುಳ್ಳು ಹೇಳ್ಲಿ?”

“ನಂಗೆ ಸುಳ್ಳು ಹೇಳೋಕೆ ನಿಂಗೆ ಕಾರಣ ಬೇಕಾದಷ್ಟಿವೆ.” ಅವಳು ಮಂಚದ ಅಂಚಿಗೆ ಕೂತಳು. ಕಬ್ಬಿಣ ಕಿರುಗುಟ್ಟಿತು. “ನಾನು ಹಿಡ್ಕೊಂಡೇ ಇದ್ದೆ. ಬಿಟ್ಟೇ ಇರ್ಲಿಲ್ಲ. ಮತ್ತೆ ಯಾಕೆ ಕೇಳ್ತಾನೇ ಇದ್ಲು?”

“ತಿಳೀತಿರ್ಲಿಲ್ಲ ಕಣಕ್ಕ. ಆ ಹೊತ್ತಿಗೆ ಕೈಗೆ ಮುಟ್ಟಿದ್ದು ಗೊತ್ತಾಗಲ್ಲ. ನಮ್ಮಪ್ಪಂಗೂ ಹಂಗೇ ಆಗಿತ್ತು.” ಅವಳಪ್ಪ ಸತ್ತದ್ದು ಕಣಿವೆಗೆ ಬಿದ್ದು. ಯಾರೂ ಹತ್ತಿರ ಇರಲಿಲ್ಲ.

ಗ್ರಿಮಾನೆಸಾ ತಲೆಯಾಡಿಸಿದಳು. ಒಪ್ಪಿದಳೋ, ಇಷ್ಟು ಸಾಕು ಎಂದಳೋ ತಿಳಿಯಲಿಲ್ಲ. ಎಡೆಲ್ಮಿರಾ ಬಾಗಿಲ ಬಳಿ ಬಂದಾಗ ಹಿಂದಿನಿಂದ ದನಿ ಬಂತು.

“ಬೇರೆ ಮೋಡೆಮ್ ಹಾಕಿಸ್ಬೇಕಾದ್ರೆ ಹಾಕಿಸು. ಬೇಡ ಅಂದ್ರೆ ಇದು ಇದೆ. ನಾನಿನ್ನು ಮುಟ್ಟಲ್ಲ.”

ಮುಟ್ಟುವುದಿಲ್ಲ ಎಂದವಳ ಮಾತನ್ನು ಎಷ್ಟು ನಂಬಬಹುದು? ಭಾನುವಾರವಿಡೀ ಎಡೆಲ್ಮಿರಾ ಅದನ್ನೇ ತೂಗಿದಳು. ತನ್ನದೇ ಮೋಡೆಮ್ ಇದ್ದರೆ ಯಾರ ಹಂಗೂ ಇಲ್ಲ, ಅಡುಗೆಕೋಣೆಯಲ್ಲಿ ಕದ ಹಾಕಿಕೊಂಡು ಪಾಠ ಮಾಡಬಹುದು. ನಾಳೆಯೇ ಬರುತ್ತೇವೆ ಎಂದು ಕಂಪನಿಯ ಹುಡುಗಿ ಮತ್ತೆ ಫೋನು ಮಾಡಿದಳು. ಎಡೆಲ್ಮಿರಾ ಬಾಯಿ ತೆರೆದಳು, ಆಗಲಿ ಎನ್ನುವುದಕ್ಕೇ ತೆರೆದಳು. ಅಂಗಳದ ಆಚೆ ಗ್ರಿಮಾನೆಸಾ ಜೆರೇನಿಯಂ ಕುಂಡವನ್ನು ಕಿಟಕಿಯಿಂದ ತೆಗೆದು ಹೊರಗಿಡುತ್ತಿದ್ದಳು.

“ಬೇಡಮ್ಮ,” ಎಂದಳು ಎಡೆಲ್ಮಿರಾ ಫೋನಿಗೆ. “ಸದ್ಯಕ್ಕೆ ಬೇಡ.”

ಮರುದಿನ ಅಂಗಡಿಗೆ ಹೋಗಿ ರೌಟರ್ ಕೇಳಿದ ಕೂಡಲೇ ವಿಲ್ಬರ್ ಹುಬ್ಬೇರಿಸಿದ. “ರೌಟರ್ರಾ? ಏನು ರಾಣಿ, ನಾದಿನಿ ಊರು ಬಿಟ್ಟು ಹೋದ್ರಾ?”

“ಅಲ್ಲೇ ಇದಾರೆ. ಮಾತು ಕಮ್ಮಿ ಮಾಡಿ ವೈರು ಉದ್ದಕ್ಕಿರೋದು ಕೊಡಿ.”

ಉಬಾಲ್ಡೊ ವೈರನ್ನು ಅಂಗಳದ ಗೋಡೆಯ ಮೇಲಿಂದ ಎಳೆದು ಮೊಳೆ ಹೊಡೆದ. ಏಣಿ ಅಲುಗಾಡದಂತೆ ಗ್ರಿಮಾನೆಸಾ ಕೆಳಗೆ ಹಿಡಿದುಕೊಂಡಿದ್ದಳು. ಅಕ್ಕ ಏಣಿ ಹಿಡಿದದ್ದನ್ನು ಕಂಡು ಅವನು ಹೆಂಡತಿಯ ಕಡೆ ನೋಡಿದ. ಒಳಗೆ ಬಂದ ಮೇಲೆ, “ಏನಂದ್ಲು ಅವಳು?” ಎಂದು ಕೇಳಿದ.

“ಏನಿಲ್ಲ. ರೌಟರ್ ಸಾಕು ಅಂದ್ಲು.”

“ಅಷ್ಟೇನಾ?”

“ಅಷ್ಟೇ.”

ಅವನು ನಂಬಲಿಲ್ಲ. ಕೇಳಲೂ ಇಲ್ಲ.

ಆ ವಾರ ಪಾಠ ಒಮ್ಮೆಯೂ ನಿಲ್ಲಲಿಲ್ಲ. ಮೇಲ್ವಿಚಾರಕಿ ಫೋನು ಮಾಡಿ ಸಂತೋಷ ಎಂದಳು. ಆದರೂ ಪಾಠದ ನಡುವೆ ಎಡೆಲ್ಮಿರಾಳ ಕಣ್ಣು ಆಗಾಗ ಕಿಟಕಿಗೆ ಹೋಗುತ್ತಿತ್ತು. ಎದುರಿನ ಕಟ್ಟೆಯ ಮೇಲೆ ಮೋಡೆಮ್ ಮತ್ತೆ ಬಂದು ಕೂತಿತ್ತು, ದೀಪಗಳು ಉರಿಯುತ್ತಿದ್ದವು.

ಗುರುವಾರ ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಗ್ರಿಮಾನೆಸಾ ಒಂದು ಕುರ್ಚಿ ಹಿಡಿದು ಅಂಗಳಕ್ಕೆ ಬಂದಳು. ಮಡಿಲಲ್ಲಿ ಅವರೆಕಾಯಿಯ ಬುಟ್ಟಿ. ಬಿಸಿಲು ಆಗಲೇ ಗೋಡೆ ಹತ್ತಿ ಹೋಗಿತ್ತು, ಅಂಗಳ ತಣ್ಣಗಾಗಿತ್ತು. ಅವರೆಕಾಯಿ ಸುಲಿಯಲು ಅವಳಿಗೆ ತನ್ನದೇ ಬೆಚ್ಚನೆಯ ಅಡುಗೆಮನೆ ಇತ್ತು. ಅವಳು ಕುರ್ಚಿಯನ್ನು ತಂದು ಹಾಕಿದ್ದು ಎಡೆಲ್ಮಿರಾಳ ಕಿಟಕಿಯಿಂದ ನಾಲ್ಕು ಹೆಜ್ಜೆ ಆಚೆಗೆ. ಈ ಕಡೆ ನೋಡಲಿಲ್ಲ. ಕಾಯಿ ಸುಲಿಯತೊಡಗಿದಳು.

ಕೇಳಲೆಂದು ಬಂದಿದ್ದಾಳೆಯೇ, ಒರೆಗೆ ಹಚ್ಚಲೆಂದು ಬಂದಿದ್ದಾಳೆಯೇ? ಎಡೆಲ್ಮಿರಾ ಜ್ವರದ ಪಾಠ ಮಾಡುತ್ತಿದ್ದಳು. ಮೈ ಬಿಸಿ, ಚಳಿ, ನಡುಕ. ಡಾಕ್ಟರುಗಳು ಒಟ್ಟಾಗಿ ಹೇಳುತ್ತಿದ್ದರು. ಹೊರಗೆ ಗ್ರಿಮಾನೆಸಾಳ ತುಟಿಯೂ ಸಣ್ಣಗೆ ಅಲುಗಿದಂತೆ ಕಂಡಿತು.

ಲಿಮಾದ ಕಡೆಯ ಡಾಕ್ಟರ್ ಹುಡುಗಿಯೊಬ್ಬಳು ಕೈ ಎತ್ತಿದಳು. “ಟೀಚರ್, ಜ್ವರ ಬಂದವರು ನೀರು ಕೇಳಿದ್ರೆ ನಮಗೆ ಹೇಗೆ ಗೊತ್ತಾಗೋದು? ಹೇಗೆ ಕೇಳ್ತಾರೆ ಅವರು?”

ಎಡೆಲ್ಮಿರಾ ಕಿಟಕಿಯ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

“ಒಳ್ಳೇ ಪ್ರಶ್ನೆ,” ಎಂದಳು. “ಬರೆದು ತೋರಿಸ್ತೀನಿ ಇರಿ.”

‘ಉನುಚಾತಾ ಕೊವಾಯ್’ ಎಂದು ಒಂದೊಂದೇ ಅಕ್ಷರ ಒತ್ತಿ ಕಳಿಸಿದಳು. ಅರ್ಥವನ್ನೂ ಪಕ್ಕದಲ್ಲೇ ಬರೆದಳು.

“ಒಂದ್ಸಲ ಹೇಳಿಬಿಡಿ ಟೀಚರ್, ಉಚ್ಚಾರಣೆ ಗೊತ್ತಾಗಲಿ.”

“ನೀವೇ ಓದಿ. ನಾನು ನೋಡ್ತಿರ್ತೀನಿ,” ಎಂದು ಹೇಳಿ ಎಡೆಲ್ಮಿರಾ ಕಂಪ್ಯೂಟರಿನ ದನಿಯನ್ನು ಪೂರ್ತಿ ಇಳಿಸಿದಳು.

ಪರದೆಯ ಚೌಕಗಳಲ್ಲಿ ಡಾಕ್ಟರುಗಳು ಒಬ್ಬೊಬ್ಬರಾಗಿ ಬಾಯಿ ತೆರೆದು ಮುಚ್ಚಿದರು, ತಪ್ಪಿದರು, ನಕ್ಕರು, ಮತ್ತೆ ತೆರೆದರು. ಕೋಣೆಯಿಂದ ಅಂಗಳಕ್ಕೆ ಅವರ ಒಂದು ದನಿಯೂ ಹೋಗಲಿಲ್ಲ. ಹೊರಗೆ ಕಾಯಿ ಬಿರಿಯುವ ಸಣ್ಣ ಚಟಚಟ ಇನ್ನೂ ಎರಡು ಸಲ ಕೇಳಿಸಿ ನಿಂತಿತು. ಗ್ರಿಮಾನೆಸಾ ಅರ್ಧ ಸುಲಿದ ಕಾಯಿಯನ್ನು ಬೆರಳ ನಡುವೆ ಹಿಡಿದುಕೊಂಡು, ಮುಖವನ್ನು ಕಿಟಕಿಯ ಕಡೆಗೆ ಎತ್ತಿ ಕೂತಿದ್ದಳು.